ಇಲ್ಲದ ಫಿಲ್ಟರ್ ತೆಗೆದ ದಿನ

ಹೋದ ತಿಂಗಳು ಒಂದು ಹೊಸ ಲೆನ್ಸ್ ತರಿಸಿದೆ. ಬೈಲಹೊಂಗಲದ ಬಜಾರದಲ್ಲಿರುವ ನನ್ನ ಸ್ಟುಡಿಯೋಗೆ ಕೊರಿಯರ್‌ನವರು ತಂದುಕೊಟ್ಟ ಡಬ್ಬಿಯಲ್ಲಿ, ಲೆನ್ಸಿನ ಜೊತೆ ಅಂಗಡಿಯವರು ಪುಕ್ಕಟೆಯಾಗಿ ಕಳಿಸಿದ ಒಂದು ಫಿಲ್ಟರೂ ಇತ್ತು. ಲೆನ್ಸಿನ ಮೂತಿಗೆ ತಿರುಗಿಸಿ ಕೂರಿಸುವ ತೆಳ್ಳಗಿನ ದುಂಡು ಗಾಜು ಅದು. ಧೂಳು, ನೀರು, ಪೆಟ್ಟು ಯಾವುದೂ ಲೆನ್ಸಿಗೆ ನೇರವಾಗಿ ತಾಗದಿರಲಿ ಎಂದು ಹಾಕುವುದು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ಲೆನ್ಸಿಗೆ ಇಟ್ಟು ತಿರುಗಿಸಿದಾಗ ಕಿರ್ ಎಂದು ಸಣ್ಣ ಸದ್ದಾಯಿತು... ಆ ಸದ್ದಿಗೆ ಹಿಂದೆ ಯಾರೋ ನಿಂತು ಗಂಟಲು ಸರಿಮಾಡಿಕೊಂಡಂತೆ ಅನಿಸಿತು. ತಿರುಗಿದೆ. ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತು. ಎದುರಿನ ಕಿರಾಣಿ ಅಂಗಡಿಯವರು ಅರ್ಧ ಶಟರ್ ಎಳೆದು ಊಟಕ್ಕೆ ಹೋಗಿದ್ದರು.

ಆ ಸದ್ದು ಪಕ್ಕದ ಸ್ಟುಡಿಯೋದ ಕಾಕಾ ಅವರಿಗೆ ಆಗುತ್ತಿರಲಿಲ್ಲ. ಕೇಳಿದರೆ ಸಾಕು, ತಮ್ಮ ಸ್ಟುಡಿಯೋದಿಂದ ಎದ್ದು ನನ್ನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಜಗಳ ಶುರುವಾಗುತ್ತಿತ್ತು.

ನನ್ನ ಅಂಗಡಿಗೂ ಅವರ ಅಂಗಡಿಗೂ ನಡುವೆ ಒಂದೇ ಗೋಡೆ. ನಾನು ಆ ಬಜಾರಕ್ಕೆ ಬರುವ ಹೊತ್ತಿಗೆ ಅವರ ಸ್ಟುಡಿಯೋ ಹಳತಾಗಿ, ಬೋರ್ಡಿನ ಬಣ್ಣ ಎದ್ದಿತ್ತು. ಕಿತ್ತೂರಿನಿಂದ ರಾಮದುರ್ಗದವರೆಗೆ ಅವರು ಮದುವೆಯ ಫೋಟೊ ತೆಗೆಯದ ಮನೆತನ ಕಡಿಮೆ. ತಾವು ಮಾತ್ರ ಮದುವೆಯಾಗಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಸ್ಟುಡಿಯೋದ ಹಿಂದಿನ ಎರಡು ಖೋಲಿಗಳಲ್ಲಿ ಅವರು ಮತ್ತು ಅವರ ಅಕ್ಕ ಇರುತ್ತಿದ್ದರು. ಅಕ್ಕ ಬಹಳ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಇವರನ್ನು ನಾನು ಕಾಕಾ ಎಂದು ಕರೆದ ಮೇಲೆ ಅವರು ತಾವಾಗಿಯೇ ನನಗೆ ಅತ್ತಿ ಆದರು.

ನಾನು ಆ ಅಂಗಡಿ ಹಿಡಿದದ್ದು ಗಂಡನ ಮನೆ ಬಿಟ್ಟು ಬಂದ ಮೇಲೆ. ಸವದತ್ತಿ ಹತ್ತಿರದ ತವರಿನಲ್ಲಿ ಕೆಲವು ತಿಂಗಳು ಇದ್ದೆ. ಅಣ್ಣ ಏನೂ ಅನ್ನಲಿಲ್ಲ. ಆದರೆ ನಾನು ಒಳಗೆ ಬಂದರೆ ಮನೆಯವರ ಮಾತು ನಿಲ್ಲುತ್ತಿತ್ತು. ಮದುವೆಗೆ ಮುಂಚೆ ಧಾರವಾಡದ ಒಂದು ಸ್ಟುಡಿಯೋದಲ್ಲಿ ಕೆಲಸ ಕಲಿತಿದ್ದೆ. ಕೈಬಳೆ ಮಾರಿ ಒಂದು ಕ್ಯಾಮೆರಾ, ಒಂದೇ ಒಂದು ಲೆನ್ಸ್ ತೆಗೆದುಕೊಂಡು ಬೈಲಹೊಂಗಲಕ್ಕೆ ಬಂದೆ. ಅಂಗಡಿಯ ಮೇಲಿನ ಖೋಲಿಯಲ್ಲೇ ವಾಸ. ಹೆಣ್ಣುಮಗಳೊಬ್ಬಳು, ಅದೂ ಹಳೆಯ ಸ್ಟುಡಿಯೋಗೆ ಗೋಡೆ ಹಚ್ಚಿ ಇನ್ನೊಂದು ಸ್ಟುಡಿಯೋ ತೆರೆದಿದ್ದಾಳೆ, ಇನ್ನು ಇಬ್ಬರಿಗೂ ದಿನಾ ಹೊಡೆದಾಟವೇ ಎಂದು ಬಜಾರದವರು ಕಾಯುತ್ತಿದ್ದರು.

ಮೊದಲನೆಯ ದಿನವೇ ಅವರು ಬಂದರು. ಕುಳಿತುಕೊಳ್ಳಲಿಲ್ಲ. ಮೇಜಿನ ಮೇಲಿದ್ದ ನನ್ನ ಕ್ಯಾಮೆರಾ ಎತ್ತಿಕೊಂಡು, ಮುಂದೆ ತಿರುಗಿಸಿ ನೋಡಿ, "ಇದಕ್ಯಾಕ ಚಸ್ಮಾ ಹಾಕೀಯವಾ?" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಫಿಲ್ಟರಿನ ಮೇಲೆ ಉಗುರಿನಿಂದ ಟಕ್ ಟಕ್ ಎನಿಸಿದರು.

"ಲೆನ್ಸಿಗೆ ಏನಾರ ಆದೀತಂತ್ರಿ," ಎಂದೆ. "ಇರೂದ ಒಂದ ಐತ್ರಿ ನನಗ."

"ಮಾಡಿದಾಂವ ಒಂದೊಂದ ಗಾಜೂ ವಿಚಾರ ಮಾಡಿ ಕುಂದ್ರಿಸಿರತಾನ. ಅದರ ಮ್ಯಾಲ ನೀ ಪ್ಯಾಟ್ಯಾಗಿಂದ ಮತ್ತೊಂದ ತಂದ ಹಚ್ಚಿದ್ರ ಬೆಳಕ ಕೆಡತೈತಿ. ತಗದ ಒಗಿ."

ನಾನು ತೆಗೆಯಲಿಲ್ಲ. ಅವರೂ ಬಿಡಲಿಲ್ಲ. ಮರುದಿನ ಮತ್ತೆ ಬಂದರು. ಆ ಮೇಲೆ ಅತ್ತಿ ನನಗೆ ರೊಟ್ಟಿ, ಮಡಿಕೆಕಾಳಿನ ಪಲ್ಯ ಕಳಿಸಲು ಶುರುಮಾಡಿದರು. ಸ್ವಲ್ಪ ದಿನಕ್ಕೆ "ತಾಟ್ ಹೊತ್ತ ಯಾರ ಅಡ್ಡಾಡ್ತಾರ, ಇಲ್ಲೇ ಬಂದ ಉಣ್ಣ," ಎಂದರು. ಹೀಗೆ ನಾನು ಅವರ ಪಂಕ್ತಿಯಲ್ಲಿ ಕುಳಿತೆ. ಬಜಾರದವರು ಕಾಯ್ದ ಹೊಡೆದಾಟ ಆಗಲಿಲ್ಲ. ಫಿಲ್ಟರಿನ ವಾದವೊಂದೇ ಉಳಿಯಿತು.

ಅವರ ಲೆನ್ಸು ಯಾವಾಗಲೂ ಬರಿದಾಗಿರುತ್ತಿತ್ತು. ಮುಂದೆ ಅಡ್ಡ ಬೆಳಕು ತಡೆಯುವ ಒಂದು ದೊಡ್ಡ ಕರಿಯ ಹುಡ್ ಮಾತ್ರ, ಬಾವಿಯ ಕಟ್ಟೆಯಂತೆ ಸುತ್ತ ನಿಂತಿರುತ್ತಿತ್ತು. ಒರೆಸಲು ಹಳೆಯ ಧೋತರದ ತುಂಡು. ಅದನ್ನು ಅತ್ತಿ ಬೇರೆಯಾಗಿಯೇ ಒಗೆದು ಒಣಗಿಸುತ್ತಿದ್ದರು. ಮದುಮಗಳಿಗೆ "ಸ್ವಲ್ಪ ನಗ್ರಿ" ಎಂದು ಅವರು ಎಂದೂ ಹೇಳಿದ್ದಿಲ್ಲ. "ಯವ್ವಾ, ಮುಂಜಾನಿಂದ ಏನರ ಉಂಡಿಯೇನು?" ಎಂದು ಕೇಳುತ್ತಿದ್ದರು. ಆಕೆ ಯಾರು ಕೇಳಿದ್ದು ಎಂದು ತಲೆ ಎತ್ತಿದಾಗ ಫೋಟೊ ಆಗಿರುತ್ತಿತ್ತು. ನಾನೂ ಎಷ್ಟೋ ಸಲ ಹಾಗೇ ಕೇಳಿ ನೋಡಿದ್ದೇನೆ. ನನ್ನ ಬಾಯಲ್ಲಿ ಆ ಮಾತು ಬರೀ ಊಟದ ವಿಚಾರಣೆ ಆಗುತ್ತದೆ.

ದೊಡ್ಡ ಮದುವೆಗಳಿಗೆ ಅವರು ನನ್ನನ್ನು ಜೊತೆಗೆ ಕರೆದುಕೊಂಡು ಹೋಗತೊಡಗಿದರು. ಅರಿಶಿಣ ಹಚ್ಚುವುದು, ಮದುಮಕ್ಕಳಿಗೆ ಸುರಗಿಯ ಸ್ನಾನದ ನೀರು ಹಾಕುವುದು, ಬಳೆ ಇಡಿಸುವುದು, ಇವೆಲ್ಲ ನನ್ನ ಪಾಲು. ಹೆಂಗಸರು ನನ್ನೆದುರು ಸೆರಗು ಎಳೆದುಕೊಳ್ಳದೆ ನಗುತ್ತಿದ್ದರು. ಒಮ್ಮೆ ಕಿತ್ತೂರಿನ ಒಂದು ಮಂಗಲ ಕಾರ್ಯಾಲಯದಲ್ಲಿ ವೇದಿಕೆಯ ಹಿಂದೆ ಸಾಲಾಗಿ ಬಲ್ಬು ಕಟ್ಟಿದ್ದರು. ನಾನು ತೆಗೆದ ಫೋಟೊಗಳಲ್ಲಿ ಆ ಬಲ್ಬುಗಳದೇ ಹಸಿರು ಚುಕ್ಕೆಗಳು ತಲೆಕೆಳಗಾಗಿ ಮೂಡಿದ್ದವು. ಒಂದು ಸರಿಯಾಗಿ ಮದುಮಗಳ ಗಲ್ಲದ ಮೇಲೆ. ಕಾಕಾ ನನ್ನ ಕೈಯಿಂದ ಕ್ಯಾಮೆರಾ ತೆಗೆದುಕೊಂಡರು, ಫಿಲ್ಟರ್ ಬಿಚ್ಚಿದರು, ನಾನು ನಿಂತಿದ್ದಲ್ಲೇ ನಿಂತು ಅದೇ ಫೋಟೊ ತೆಗೆದರು. ಚುಕ್ಕೆ ಇರಲಿಲ್ಲ. ಫಿಲ್ಟರನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿ, ಊಟದ ಪಂಕ್ತಿಯ ಕಡೆ ಹೊರಟುಹೋದರು. ಆ ದಿನ ಜಿಲೇಬಿಯನ್ನು ಎರಡು ಸಲ ಹಾಕಿಸಿಕೊಂಡರು.

ನನ್ನ ಸರದಿಯೂ ಬಂತು. ಸಂಗೊಳ್ಳಿಯ ಒಂದು ಮದುವೆಯಲ್ಲಿ ಸುರಗಿ ನೀರಿನ ಹೊತ್ತಿಗೆ ಬೀಗರ ಕಡೆಯ ಹುಡುಗರು ಒಬ್ಬರ ಮೇಲೊಬ್ಬರು ಅರಿಶಿಣದ ನೀರು ಎರಚಾಡಲು ಹೋಗಿ, ಯಾರದೋ ಕೈಯಿಂದ ಹಿತ್ತಾಳೆ ತಂಬಿಗೆ ಜಾರಿ ಬಂದು ನನ್ನ ಲೆನ್ಸಿಗೆ ಬಡಿಯಿತು. ಫಿಲ್ಟರ್ ಬಿರುಕು ಬಿಟ್ಟು ಚೂರಾಯಿತು. ಲೆನ್ಸು ಉಳಿಯಿತು. ನಾನು ಒದ್ದೆಯಾದ ಸೀರೆಯಲ್ಲೇ ಓಡಿಹೋಗಿ ಅವರಿಗೆ ತೋರಿಸಿದೆ. "ನೋಡ್ರಿ ಕಾಕಾರ! ನಿಮ್ಮ ಮಾತ ಕೇಳಿದ್ರ ನಾ ಇವತ್ತ ಬೀದಿಗೆ ಬೀಳ್ತಿದ್ದೆ."

ಅವರು ಲೆನ್ಸನ್ನು ಎಲ್ಲ ಕಡೆ ತಿರುಗಿಸಿ ನೋಡಿದರು. ಫಿಲ್ಟರಿನ ಉಂಗುರ ಬಾಗಿ ಲೆನ್ಸಿಗೆ ಕಚ್ಚಿಕೊಂಡಿತ್ತು, ಬಿಚ್ಚಲು ಬರುತ್ತಿರಲಿಲ್ಲ. ಮರುದಿನ ಮಧ್ಯಾಹ್ನವೆಲ್ಲ ಅವರು ಅದಕ್ಕೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಕೊಂಡು ತಿರುಗಿಸುತ್ತ ಕುಳಿತರು. ಅತ್ತಿ ಚಹಾ ತಂದಿಟ್ಟರು. ಅದು ಆರಿತು. ಕಡೆಗೂ ಉಂಗುರ ಬಿಚ್ಚಿತು. ಆಗ ನೋಡಿದರೆ ಒಡೆದ ಗಾಜಿನ ಚೂರು ಲೆನ್ಸಿನ ಅಂಚಿನಲ್ಲಿ ಕೂದಲಿನಷ್ಟು ತೆಳುವಾದ ಒಂದು ಗೆರೆ ಎಳೆದಿತ್ತು.

"ಕಾಯಾಕ ಇಟ್ಟಿದ್ದಿಯಲ್ಲಾ, ಅದ ಕೊರದೈತಿ ನೋಡು," ಎಂದರು.

"ಇಲ್ಲಂದ್ರ ಪೂರಾ ಹೋಗ್ತಿತ್ತಲ್ರಿ."

"ಹುಡ್ ಹಾಕಿದ್ರ ತಂಬಿಗಿ ಅಲ್ಲೇ ತಡೀತಿತ್ತು."

"ಅರಿಶಿಣದ ನೀರು ತಡೀತಿತ್ತೇನ್ರಿ ಹುಡ್?"

ಒಳಗಿನಿಂದ ಅತ್ತಿ, "ಗಾಜಿನ ಸಂಬಂಧ ಇಷ್ಟ ಜಗಳಾಡವ್ರ ನೀವಿಬ್ರ ನೋಡ ಈ ಊರಾಗ," ಎಂದು ನಕ್ಕರು. ಕಾಕಾ ಕೂಡ ನಕ್ಕರು. ನಾನು ಹೊಸ ಫಿಲ್ಟರ್ ತಂದೆ, ಜೊತೆಗೊಂದು ಹುಡ್ ಕೂಡ. ಅವರು ಬರಿಯ ಲೆನ್ಸಿನಲ್ಲೇ ಉಳಿದರು.

ಆ ವರ್ಷಗಳು ಹೇಗೆ ಕಳೆದವು ಎಂದು ಹೇಳಲು ಹೊರಟರೆ ಹೇಳುವಂಥದ್ದೇನೂ ಇಲ್ಲ. ಸಂಜೆ ಅಂಗಡಿ ಮುಚ್ಚಿ ಅವರ ಕಟ್ಟೆಯ ಮೇಲೆ ಕುಳಿತಿರುತ್ತಿದ್ದೆ. ಹತ್ತಿ ತುಂಬಿದ ಗಾಡಿಗಳು ಮಾರ್ಕೆಟ್ ಕಡೆ ಹೋಗುತ್ತಿದ್ದವು. ಬೆಳಗಾವಿಯ ಬಸ್ಸು ಬಂದಾಗ ರಸ್ತೆ ತುಂಬುತ್ತಿತ್ತು, ಮತ್ತೆ ಖಾಲಿಯಾಗುತ್ತಿತ್ತು. ಕಾಕಾ ಬಸಿಯಲ್ಲಿ ಚಹಾ ಸುರಿದುಕೊಂಡು ಕುಡಿಯುತ್ತಿದ್ದರು. ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ. ಗಂಡನ ಮನೆಯಲ್ಲಿಯೂ ತವರಿನಲ್ಲಿಯೂ ನಾನಿದ್ದಾಗ ಹರಡುತ್ತಿದ್ದ ಮೌನ ಬೇರೆ, ಆ ಕಟ್ಟೆಯ ಮೇಲಿನದು ಬೇರೆ...

ನಂತರ ಅವರಿಗೆ ಮಂಜು ಕಾಣತೊಡಗಿತು.

ಮೊದಲು ತಮ್ಮ ಲೆನ್ಸಿನ ಮೇಲೆ ಸಂಶಯಪಟ್ಟರು. "ಒಳಗ ಬೂಷ್ಟ ಹಿಡದೈತಿ, ಎಲ್ಲಾ ಮಸಕ ಮಸಕ ಕಾಣಾಕತ್ತೈತಿ," ಎಂದು ಹುಬ್ಬಳ್ಳಿಗೆ ರಿಪೇರಿಗೆ ಕಳಿಸಿದರು. ಅಲ್ಲಿಯವರು ಬಿಚ್ಚಿ ಒರೆಸಿ, ಒಳಗೆ ಏನೂ ಇರಲಿಲ್ಲ ಎಂದು ಹೇಳಿ ವಾಪಸು ಕೊಟ್ಟರು. ಕಾಕಾ ಸಿಟ್ಟಾದರು, ಈಗಿನವರಿಗೆ ಕೆಲಸ ಬರುವುದಿಲ್ಲ ಎಂದರು. ದಿನಕ್ಕೆ ಎಷ್ಟೋ ಸಲ ಧೋತರದ ತುಂಡಿನಿಂದ ಲೆನ್ಸ್ ಒರೆಸುತ್ತಿದ್ದರು. ಬೆಳಕಿಗೆ ಹಿಡಿಯುವುದು, ಮತ್ತೆ ಒರೆಸುವುದು. ಆ ಬಳಿಕ ನನ್ನ ಲೆನ್ಸ್ ಕೇಳಿ ಪಡೆದರು. ಕಣ್ಣಿಗೆ ಹಿಡಿದವರೇ, "ನಿನ್ನ ಈ ಚಸ್ಮಾ ತಗಿ ಮೊದಲ. ಮಂಜ ಅದರದ," ಎಂದರು. ನಾನು ಫಿಲ್ಟರ್ ತೆಗೆದುಕೊಟ್ಟೆ. ಆಮೇಲೆ ಅವರಿಗೆ ಲೆನ್ಸ್ ಕೊಡುವಾಗಲೆಲ್ಲ ನೆನಪಿಟ್ಟು ಫಿಲ್ಟರ್ ತೆಗೆದೇ ಕೊಡುತ್ತಿದ್ದೆ.

ರಾಮದುರ್ಗದ ಒಂದು ಮದುವೆ. ಅವರು ಬಹಳ ಹಿಂದೆ ತಾಯಿಯ ಮದುವೆಯ ಫೋಟೊ ತೆಗೆದಿದ್ದ ಮನೆ, ಈಗ ಮಗಳದು. ಆ ತಾಯಿ ತಾನೇ ಬೈಲಹೊಂಗಲಕ್ಕೆ ಬಂದು, "ನೀವ ಬರಬೇಕ್ರಿ," ಎಂದು ಕೂತು ಹೇಳಿ ಹೋಗಿದ್ದರು. ಹೊರಡುವ ಮುಂಚೆಯೇ ನಾನು ಫಿಲ್ಟರ್ ಬಿಚ್ಚಿ ಡಬ್ಬಿಯಲ್ಲಿಟ್ಟು ಚೀಲಕ್ಕೆ ಹಾಕಿ, ನನ್ನ ಲೆನ್ಸನ್ನು ಅವರ ಕ್ಯಾಮೆರಾಕ್ಕೆ ಕೂರಿಸಿದ್ದೆ. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಹಂದರದೊಳಗೆ ಚೊಕ್ಕ ಬಿಸಿಲು ಸೋಸಿ ಬರುತ್ತಿತ್ತು. ಕಾಕಾ ವೇದಿಕೆಯ ಮೇಲೆ ಹೋಗಿ ಕ್ಯಾಮೆರಾ ಕಣ್ಣಿಗೆ ಹಿಡಿದರು. ಇಳಿಸಿದರು. ಮತ್ತೆ ಹಿಡಿದರು. ಆಮೇಲೆ ನನ್ನನ್ನು ಕೈಸನ್ನೆ ಮಾಡಿ ಕರೆದು, ದನಿ ತಗ್ಗಿಸಿ, "ಫಿಲ್ಟರ್ ತಗಿ ಅಂತ ಎಷ್ಟ ಸಲ ಹೇಳಬೇಕ ಯವ್ವಾ ನಿನಗ? ಮಾರಿನ ಕಾಣವಲ್ದು," ಎಂದರು.

ಅವರ ಹೆಬ್ಬೆರಳು ಲೆನ್ಸಿನ ಅಂಚಿನ ಸುತ್ತ ತಿರುಗುತ್ತಿತ್ತು. ಬಿಚ್ಚಲು ಅಲ್ಲೇನೂ ಇರಲಿಲ್ಲ. ಬರಿಯ ಅಂಚಿನ ಮೇಲೆ ಬೆರಳು ಸುಮ್ಮನೆ ಜಾರುತ್ತಿತ್ತು.

ಸುತ್ತಲೂ ಜನ. ಆ ತಾಯಿ ಎದುರಿಗೇ ನಿಂತು ನಗುತ್ತಿದ್ದಾರೆ. ನಾನು ಅವರ ಕೈಯಿಂದ ಕ್ಯಾಮೆರಾ ತೆಗೆದುಕೊಂಡೆ. ಬೆನ್ನು ತಿರುಗಿಸಿ, ಇಲ್ಲದ ಫಿಲ್ಟರನ್ನು ಬಿಚ್ಚಿದಂತೆ ಕೈ ತಿರುಗಿಸಿ, ಚೀಲಕ್ಕೆ ಹಾಕಿದಂತೆ ಮಾಡಿ, ತಿರುಗಿ ಕೊಟ್ಟೆ.

"ತಗದೇನ್ರಿ ಕಾಕಾರ."

ಅವರು ಕಣ್ಣಿಗೆ ಹಿಡಿದರು. "ಹಾಂ," ಎಂದರು. "ಈಗ ಛಲೋ ಆತು."

ಆ ದಿನ ಅವರ ಲೆನ್ಸನ್ನು ನನ್ನ ಕ್ಯಾಮೆರಾಕ್ಕೆ ಹಾಕಿಕೊಂಡು, ಅವರ ಹೆಗಲ ಹಿಂದೆಯೇ ನಿಂತು, ಅವರು ತೆಗೆದದ್ದನ್ನೆಲ್ಲ ನಾನೂ ತೆಗೆದೆ. ಬೈಲಹೊಂಗಲಕ್ಕೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ, ಅವರ ಫೋಟೊಗಳಲ್ಲಿ ಹಿಂದಿನ ಕಂಬ ಸ್ಪಷ್ಟವಾಗಿತ್ತು, ಮದುಮಗ ಮಸುಕಾಗಿದ್ದ. ತಾಳಿ ಕಟ್ಟುವಾಗ ಮದುಮಗಳ ಅರ್ಧ ಮುಖ ಚೌಕಟ್ಟಿನ ಹೊರಗೆ ಹೋಗಿತ್ತು. ಆಲ್ಬಮ್ಮಿಗೆ ನನ್ನವನ್ನು ಹಾಕಿದೆ. ಆ ಮನೆಯವರು ಸಂತೋಷಪಟ್ಟು, ಕಾಕಾ ಅವರ ಕೈ ಹಿಡಿದು ಹೊಗಳಿದರು. ಅವರು ತಲೆ ತಗ್ಗಿಸಿ ಕುಳಿತಿದ್ದರು. ನಾಚಿಕೆಯೆಂದು ಆ ಮನೆಯವರು ತಿಳಿದರು.

ಅದಾಗಿ ಸ್ವಲ್ಪ ದಿನಕ್ಕೆ ಕಾಕಾ ಇಲ್ಲದ ಹೊತ್ತು ನೋಡಿ ಅತ್ತಿ ನನ್ನ ಅಂಗಡಿಗೆ ಬಂದರು. ಎಂದೂ ಅಂಗಡಿಯೊಳಗೆ ಬಂದವರಲ್ಲ. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕುಳಿತು, ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ, "ನಮ್ಮ ತಮ್ಮಗ ಕಣ್ಣ ಕಾಣ್ತಾವೇನವಾ?" ಎಂದು ಕೇಳಿದರು.

ನಾನು ಕೈಯಲ್ಲಿದ್ದ ಲೆನ್ಸನ್ನು ಮೇಜಿನ ಮೇಲಿಟ್ಟೆ.

"ಚಹಾ ಬಸಿ ಬಿಟ್ಟ ಹೊರಗ ಸುರೀತಾನ. ತಾಟಿನ್ಯಾಗ ಪಲ್ಯಾ ಎಲ್ಲೈತಿ ಅಂತ ಕೈಯಾಡಿಸಿ ಹುಡಕ್ತಾನ. ನಾ ಎಲ್ಲಾ ಸಾಮಾನ ಇಟ್ಟಲ್ಲೇ ಇಡಾಕತ್ತೇನಿ, ಎಡವಬಾರದಂತ. ಕೇಳಿದ್ರ ಸಿಟ್ಟಾಗ್ತಾನ. ನೀ ಖರೇ ಹೇಳ."

"ಕಾಣಂಗಿಲ್ರಿ ಅತ್ತಿ," ಎಂದೆ. "ಭಾಳ ಕಮ್ಮಿ ಆಗೇತಿ."

ಅವರು ಅಳಲಿಲ್ಲ. ಎದ್ದು ನಿಂತು, "ನಡಿ ಹಂಗಾರ, ಧಾರವಾಡಕ್ಕ ಕರಕೊಂಡ ಹೋಗೂಣು," ಎಂದರು. ಹೋಗುವ ದಿನ ಕಾಕಾ ಏನೂ ತಕರಾರು ಮಾಡಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು ಬಸ್ಸಿಗೆ ಬಂದರು. ಅವರು ಹಟ ಮಾಡಿದ್ದರೆ ನನಗೆ ಧೈರ್ಯ ಬರುತ್ತಿತ್ತೇನೋ.

ಕಣ್ಣಿನ ಆಸ್ಪತ್ರೆಯಲ್ಲಿ ದಿನವೆಲ್ಲ ಕಳೆಯಿತು. ಹನಿ ಹಾಕಿದರು, ಬೆಳಕು ಬಿಟ್ಟು ನೋಡಿದರು, ರಕ್ತ ತೆಗೆದುಕೊಂಡರು. ಡಾಕ್ಟರು ವಯಸ್ಸಾದ ಹೆಣ್ಣುಮಗಳು, ತಾಳ್ಮೆಯಿಂದ ಹೇಳಿದರು. ಕಣ್ಣಿನ ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಪೊರೆಯಲ್ಲ. ಸಕ್ಕರೆ ಕಾಯಿಲೆ ಗೊತ್ತಾಗದಂತೆ ಎಷ್ಟೋ ವರ್ಷದಿಂದ ಇದೆ, ಕಣ್ಣಿನ ಹಿಂದಿನ ಪರದೆಯನ್ನು ಅದು ತಿಂದಿದೆ. ಇಂಜೆಕ್ಷನ್ನು, ಲೇಸರು ಮಾಡಿ ಉಳಿದಷ್ಟನ್ನು ಹಿಡಿದು ನಿಲ್ಲಿಸಲು ನೋಡಬಹುದು, ಹೋದದ್ದು ಬರುವುದಿಲ್ಲ.

ಕಾಕಾ ಎಲ್ಲ ಕೇಳಿಸಿಕೊಂಡು, "ಅಂದ್ರ ಮುಂದಿನ ಗಾಜ ಚೊಕ್ಕ ಐತ್ರಿ?" ಎಂದರು.

"ಹೌದು, ಗಾಜು ಚೆನ್ನಾಗಿದೆ," ಎಂದರು ಡಾಕ್ಟರು.

"ಸುಮ್ಮನ ಒರಸಿದೆ ಅಷ್ಟ ದಿನ," ಎಂದು ಅವರು ನನ್ನ ಕಡೆ ತಿರುಗಿ ನಕ್ಕರು. ನಾನು ನಿಂತಿದ್ದ ಜಾಗಕ್ಕಿಂತ ಸ್ವಲ್ಪ ಬಲಕ್ಕೆ ನೋಡಿ ನಕ್ಕರು.

ಬರುವಾಗ ಬಸ್ಸಿನಲ್ಲಿ ಅತ್ತಿ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಕಾಕಾ ಕಿಟಕಿಯ ಪಕ್ಕ, ನಾನು ಅವರ ಬಾಜೂ. ಹೊರಗೆ ಕಡಲೆಯ ಹೊಲಗಳ ಮೇಲೆ ಇಳಿ ಬಿಸಿಲಿತ್ತು. "ಹೊರಗ ಏನೈತಿ?" ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತಾದ ಮೇಲೆ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ರಾಮದುರ್ಗದಾಗ ಆವತ್ತ ಫಿಲ್ಟರ್ ಇರಲಿಲ್ಲ," ಎಂದರು.

ನಾನು ಅವರ ಕಡೆ ತಿರುಗಿದೆ.

"ಹೆಬ್ಬಟ್ಟಿಗೆ ಗೊತ್ತಾತು. ಕೇಳೂದ ಕೇಳಿಬಿಟ್ಟಿದ್ದೆ, ಬಾಯಿಂದ ಹೋಗಿತ್ತು ಮಾತು. ನೀ ಬೆನ್ನ ತಿರುವಿ ನಾಟಕ ಮಾಡಿದಿ. ನಾನೂ ಛಲೋ ಆತು ಅಂದೆ. ಆಗ ಇಲ್ಲ ಅಂದಿದ್ರ ಅಲ್ಲೇ ಇಳೀಬೇಕಾಗ್ತಿತ್ತ ಯವ್ವಾ... ಆ ತಾಯಿ ಮುಂದ. ಆಕಿ ಮದವ್ಯಾಗ ನನ್ನ ಕಣ್ಣ ಹೆಂಗಿದ್ದೂ ಗೊತ್ತೇನ ನಿನಗ?"

ಅವರ ಕೈ ಮುಂದಿನ ಸೀಟಿನ ಸರಳನ್ನು ಹಿಡಿದುಕೊಂಡಿತ್ತು. ನನಗೆ ಅದರ ಮೇಲೆ ಕೈಯಿಡಬೇಕು ಅನಿಸಿತು. ಇಡಲಿಲ್ಲ. ನಮ್ಮಲ್ಲಿ ಅಂಥ ರೂಢಿ ಇರಲಿಲ್ಲ.

ಮದುವೆಯ ಕೆಲಸ ಬಿಟ್ಟರು. ಯಾರಾದರೂ ಬಂದರೆ ಗೋಡೆಗೆ ಬಡಿದು ನನ್ನನ್ನು ಕರೆಯುತ್ತಿದ್ದರು. ಲೇಸರು ಮಾಡಿಸಿದ ಮೇಲೆ ಎಡಗಣ್ಣಿನ ಒಂದು ಬದಿಯಲ್ಲಿ ಸ್ವಲ್ಪ ಉಳಿದಿತ್ತು. ಹಕ್ಕಿಯಂತೆ ತಲೆ ವಾರೆ ಮಾಡಿದರೆ ಒಂದಿಷ್ಟು ಕಾಣುತ್ತಿತ್ತು. ಹಾಗಿರುವಾಗ ಒಂದು ಬೆಳಿಗ್ಗೆ ಬಂದು, "ಅಕ್ಕನ ಫೋಟೊ ತಗೀಬೇಕ," ಎಂದರು.

ಊರವರ ಫೋಟೊವೆಲ್ಲ ತೆಗೆದವರು ತಮ್ಮ ಅಕ್ಕನದನ್ನು ಒಮ್ಮೆಯೂ ತೆಗೆದಿರಲಿಲ್ಲ. ಆಕೆ ತೆಗೆಯಗೊಡುತ್ತಿರಲಿಲ್ಲ. ಗಂಡ ಹೋದ ಮೇಲೆ ಯಾವ ಮದುವೆಯಲ್ಲೂ ಮುಂದೆ ಬಂದವರಲ್ಲ, ಫೋಟೊ ಅಂದರೆ ಅಡುಗೆಮನೆಗೆ ಎದ್ದು ಹೋಗುತ್ತಿದ್ದರು. ಆ ದಿನವೂ "ನಂದ್ಯಾಕೋ, ನಿಂದೊಂದ ಹುಚ್ಚ," ಎಂದರು. ಆದರೆ ಕಾಕಾ ತಲೆ ವಾರೆ ಮಾಡಿ ನೋಡುತ್ತ ನಿಂತದ್ದನ್ನು ಕಂಡು ಮಾತು ನಿಲ್ಲಿಸಿದರು. ಒಳಗೆ ಹೋಗಿ ಮುಖ ತೊಳೆದುಕೊಂಡು, ಇಳಕಲ್ ಸೀರೆ ಉಟ್ಟುಕೊಂಡು ಬಂದು ಕಿಟಕಿಯ ಹತ್ತಿರ ಕುಳಿತರು.

ಕಾಕಾ ಹತ್ತಿರ ಹೋಗಿ ಅಕ್ಕನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಅವರ ಹುಬ್ಬಿನಿಂದ ಕ್ಯಾಮೆರಾದವರೆಗೆ ಮೊಳ ಹಾಕಿ ಅಳೆದರು. ಲೆನ್ಸಿನ ಉಂಗುರವನ್ನು ಬೆರಳಿನ ಅಂದಾಜಿನಲ್ಲಿ ತಿರುಗಿಸಿ ಒತ್ತಿದರು. "ಹೆಂಗ ಬಂದೈತಿ?" ಎಂದು ನನ್ನನ್ನು ಕೇಳಿದರು.

"ಕಣ್ಣ ತಪ್ಪ್ಯಾವ್ರಿ," ಎಂದೆ. "ಸೆರಗಿನ ದಡಿ ಚೊಕ್ಕ ಬಂದೈತಿ."

ಅವರ ಮುಖ ಅರಳಿತು. ಅಷ್ಟು ಸಂತೋಷವನ್ನು ನಾನು ಅವರಲ್ಲಿ ಯಾವ ಹೊಗಳಿಕೆಗೂ ಕಂಡಿರಲಿಲ್ಲ. "ಅಂದ್ರ ಸ್ವಲ್ಪ ಮುಂದ ಬಂದೈತಿ. ತಡಿ," ಎಂದು ಉಂಗುರವನ್ನು ಕೂದಲೆಳೆಯಷ್ಟು ಸರಿಸಿದರು. ಮತ್ತೆ ಒತ್ತಿದರು. "ಈಗ?"

"ಈಗ ಕಿವಿ ಸಿಕ್ಕೈತ್ರಿ."

"ಭಾಳ ಹಿಂದ ಹೋತು."

ಹಾಗೇ ನಡೆಯಿತು. ಅತ್ತಿ ಬೇಸತ್ತು, "ಅನ್ನಕ್ಕ ಇಡೂದೈತಿ ನನಗ," ಎಂದರು. ಕಾಕಾ ಕ್ಯಾಮೆರಾದ ಹಿಂದಿನಿಂದಲೇ, "ಅಕ್ಕಾ, ಮುಂಜಾನಿಂದ ಏನರ ಉಂಡಿಯೇನು?" ಎಂದರು. ಆಕೆ ಥಟ್ಟನೆ ತಲೆ ಎತ್ತಿದರು. ಅಷ್ಟು ವರ್ಷ ಅಡುಗೆ ಮಾಡಿ ಹಾಕಿದವರನ್ನು ಆ ಮಾತು ಯಾರೂ ಕೇಳಿರಲಿಲ್ಲವೇನೋ.

"ಸಿಕ್ಕಾವ್ರಿ ಕಾಕಾರ," ಎಂದೆ. "ಎರಡೂ ಕಣ್ಣ ಸಿಕ್ಕಾವು."

"ಖರೇನ?"

"ಖರೇನ್ರಿ."

ಅದು ಅವರು ತೆಗೆದ ಕಡೆಯ ಫೋಟೊ.

ಮುಂದಿನ ಬೇಸಿಗೆಯಲ್ಲಿ ಅತ್ತಿ ಊಟ ಮಾಡಿ ಮಲಗಿದವರು ಏಳಲಿಲ್ಲ. ಕಾಕಾ ಒಬ್ಬರೇ ಇರುವಂತಿರಲಿಲ್ಲ. ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ಒಪ್ಪಲಿಲ್ಲ, ಜನ ನಿನ್ನನ್ನು ಏನೇನೋ ಅಂದಾರು ಎಂದರು. ಸುರೇಬಾನದಲ್ಲಿದ್ದ ಅವರ ತಂಗಿಯ ಮಗ ಬಂದು ಕರೆದುಕೊಂಡು ಹೋದ. ಕ್ಯಾಮೆರಾ, ಲೆನ್ಸು ಮಾರಿದರು. ಅಕ್ಕನ ಆ ಫೋಟೊವನ್ನು ಮಾತ್ರ ಟಾವೆಲಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಗಾಡಿಯಲ್ಲಿ ಕುಳಿತರು.

ಕೆಲವು ಸಲ ಹೋಗಿ ನೋಡಿ ಬಂದೆ. ರಾಮದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಉಳಿದಿದ್ದ ಆ ಒಂದಿಷ್ಟು ದೃಷ್ಟಿಯೂ ಹೋಗಿತ್ತು. ನನ್ನ ಹೆಜ್ಜೆಯ ಸದ್ದಿಗೇ, "ಬಾರವಾ, ಚಸ್ಮಾ ಹಾಕೇ ತಗೀತಿಯೇನ ಇನ್ನೂ?" ಎಂದು ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ವಾದ ನಡೆಯುತ್ತಿತ್ತು, ಮೊದಲಿನಷ್ಟು ಜೋರಾಗಿ ಅಲ್ಲ. ಅವರು ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ಆ ದಿನ ನಾನು ಕಿತ್ತೂರಿನ ಒಂದು ಮದುವೆಯಲ್ಲಿದ್ದೆ. ಫೋನು ಚೀಲದಲ್ಲಿ ಬಡಿದುಕೊಂಡು ಸುಮ್ಮನಾಗಿತ್ತು...

ಈಗ ಫಿಲ್ಟರ್ ಹಾಕಬೇಕೋ ಬೇಡವೋ ಎಂದು ಹೊಸಬರು ಯಾರಾದರೂ ಕೇಳಿದರೆ, ಧೂಳು, ನೀರು, ಅರಿಶಿಣ ಇದ್ದಲ್ಲಿ ಹಾಕಿ, ಸಾಲು ದೀಪ ಇದ್ದಲ್ಲಿ ಬಿಚ್ಚಿ ಎನ್ನುತ್ತೇನೆ. ನಾನೂ ಹಾಗೇ ಮಾಡುತ್ತೇನೆ. ಕೇಳಿದವರು ಬರೀ ತಲೆಯಾಡಿಸಿ ಹೋಗುತ್ತಾರೆ. ಪಕ್ಕದ ಅಂಗಡಿ ಈಗ ಮೊಬೈಲಿನದು. ಗೋಡೆಯ ಆಚೆಯಿಂದ ದಿನವಿಡೀ ಹಾಡು ಕೇಳುತ್ತದೆ.

ಕಾಕಾ ಅವರ ದಿವಸದ ಕಾರ್ಯ ಮುಗಿದ ಮೇಲೆ ಸುರೇಬಾನಕ್ಕೆ ಹೋಗಿದ್ದೆ. ಗೋಡೆಯ ಮೇಲೆ ಅತ್ತಿಯ ಫೋಟೊ ತೂಗಿತ್ತು. ಪಕ್ಕದಲ್ಲಿ ಕಾಕಾ ಅವರದು, ಗುರುತಿನ ಚೀಟಿಯ ಸಣ್ಣ ಚಿತ್ರವನ್ನೇ ಎಳೆದು ದೊಡ್ಡದು ಮಾಡಿಸಿದ್ದರು. ಮೂಗು, ಬಾಯಿ ಎಲ್ಲ ಕಲಸಿಹೋಗಿದ್ದವು. ತಂಗಿಯ ಮಗನ ಹೆಂಡತಿ ಒಳ್ಳೆಯವಳು. ನೀರು ಕೊಟ್ಟು, ಎದುರಿಗೆ ಕುಳಿತು, "ಅವರು ನಿಮಗ ಏನಾಗಬೇಕ್ರಿ ಅಕ್ಕಾರ?" ಎಂದು ಕೇಳಿದಳು.

"ಬಾಜೂ ಅಂಗಡ್ಯಾವ್ರು," ಎಂದೆ.

"ನೀವೂ ಫೋಟೊದವ್ರ ಅಲ್ರಿ? ನಿಮ್ಮ ಕಡೆ ಅವರ ಒಂದ ಛಲೋ ಫೋಟೊ ಇದ್ದೇ ಇರತೈತಿ. ಕಳಿಸಿಕೊಡ್ರಿ, ಇದನ್ನ ತಗದ ಅದನ್ನ ಹಾಕತೇವಿ."

ಕಳಿಸುತ್ತೇನೆ ಎಂದು ಬಂದೆ. ಬಂದ ದಿನದಿಂದ ಹಳೆಯ ಡಿಸ್ಕುಗಳನ್ನೆಲ್ಲ ಹಾಕಿ ನೋಡಿದೆ. ಅಷ್ಟೊಂದು ಮದುವೆ, ಅಷ್ಟೊಂದು ಹಂದರ. ಅವರು ಎಲ್ಲ ಕಡೆ ಇದ್ದಾರೆ. ವೇದಿಕೆಯ ಮೂಲೆಯಲ್ಲಿ, ಹೆಂಗಸರ ಗುಂಪಿನ ಆಚೆ, ಕುರ್ಚಿಯ ಮೇಲೆ ಹತ್ತಿ ನಿಂತು. ಪ್ರತಿಯೊಂದರಲ್ಲೂ ಕ್ಯಾಮೆರಾ ಅವರ ಮುಖಕ್ಕೆ ಅಡ್ಡವಾಗಿದೆ. ಅದು ಇಲ್ಲದ ಒಂದು ಫೋಟೊವನ್ನು ನಾನು ತೆಗೆದೇ ಇಲ್ಲ.

ಸುರೇಬಾನದಿಂದ ಆಗಾಗ ಫೋನು ಬರುತ್ತದೆ. "ಸಿಕ್ತೇನ್ರಿ ಅಕ್ಕಾರ?" ಎನ್ನುತ್ತಾಳೆ ಆ ಹುಡುಗಿ.

"ಹುಡಕಾಕತ್ತೇನವಾ," ಎನ್ನುತ್ತೇನೆ.

ಹುಡುಕುವುದು ಮುಗಿದು ಬಹಳ ದಿನವಾಯಿತು.